ಮಂಗಳೂರಿನಿಂದ ದಿಬ್ರುಗಢಕ್ಕೆ ಎಷ್ಟು ದೂರ, ಎಷ್ಟು ಹೊತ್ತು?

ಎರಡು ಊರುಗಳ ನಡುವೆ ದೂರವೆಷ್ಟು ಎಂಬುದು ಪ್ರಶ್ನೆಗಳಲ್ಲೆಲ್ಲಾ ಸುಲಭವಾದುದೆಂದು ನಾವು ಬಹುಕಾಲ ನಂಬಿದ್ದೆವು. ಭೂಗೋಳವನ್ನು ಬೋಧಿಸುವುದೇ ನಮ್ಮ ವೃತ್ತಿಯಾದುದರಿಂದ ಈ ನಂಬಿಕೆಯಲ್ಲಿ ಸ್ವಲ್ಪ ಅಹಂಕಾರವೂ ಬೆರೆತಿತ್ತೆಂದು ಒಪ್ಪಿಕೊಳ್ಳಬೇಕು. ಗೋಡೆಯ ಮೇಲೆ ಭೂಪಟವಿದೆ, ಕೈಯಲ್ಲಿ ಅಳತೆಪಟ್ಟಿಯಿದೆ, ಮತ್ತೇನು ಬೇಕು? ಕಳೆದ ವರ್ಷದ ಜುಲೈ ತಿಂಗಳಿನ ಒಂದು ದಿನ ಈ ಅಹಂಕಾರವು ಮುರಿಯಿತು. ಅದು ಮುರಿದ ಬಗೆಯನ್ನೂ, ಮುರಿದ ಮೇಲೆ ನಾವು ಕುಳಿತು ಲೆಕ್ಕ ಹಾಕಿದ ಬಗೆಯನ್ನೂ ಈ ಹೊತ್ತು ಶ್ರೋತೃಗಳ ಮುಂದಿಡಬೇಕೆಂದಿದ್ದೇವೆ.

ನಾವಿರುವುದು ಮಂಗಳೂರಿನಲ್ಲಿ. ಈ ಊರಿನ ಕಾಲೇಜುಗಳಿಗೆ ನೆರೆಯ ಕೇರಳದಿಂದ ಮೊದಲ್ಗೊಂಡು ಈಶಾನ್ಯದ ಗಡಿರಾಜ್ಯಗಳವರೆಗೆ ನಾನಾ ಕಡೆಯ ವಿದ್ಯಾರ್ಥಿಗಳು ಬರುತ್ತಾರೆ. ಹಾಗೆ ಬಂದವಳೊಬ್ಬಳು ಮೇಲಣ ಅಸ್ಸಾಮಿನ ದಿಬ್ರುಗಢದ ಬಳಿಯ ಚಹದ ತೋಟವೊಂದರ ಗುಮಾಸ್ತರ ಮಗಳು. ಅಂದು ಬೆಳಗ್ಗೆ ಹತ್ತು ಗಂಟೆಗೆ, ನಾವು ತರಗತಿಗೆ ಹೊರಡುತ್ತಿರುವಾಗ, ಆಕೆ ಬಂದು ಬಾಗಿಲಲ್ಲಿ ನಿಂತಳು. ತಾಯಿಗೆ ಹೃದಯದ ಬೇನೆ ಕಾಣಿಸಿಕೊಂಡು ದಿಬ್ರುಗಢದ ಆಸ್ಪತ್ರೆಗೆ ಸೇರಿಸಿದ್ದಾರೆಂದು ಸುದ್ದಿ ಬಂದಿತ್ತು. ಆಕೆ ಕೇಳಿದುದು ಒಂದೇ ಮಾತು: "ಈಗಲೇ ಹೊರಟರೆ ಎಷ್ಟು ಹೊತ್ತಿಗೆ ಸೇರಬಹುದು?" ನಾವು ಗೋಡೆಯತ್ತ ತಿರುಗಿ, ಪಟ್ಟಿಯನ್ನಿಟ್ಟು ಅಳೆದು, ಮನಸ್ಸಿನಲ್ಲೇ ಭಾಗಿಸಿ, "ವಿಮಾನಕ್ಕೆ ಮೂರೂವರೆ ಗಂಟೆಯ ದಾರಿ. ಸಂಜೆಯೊಳಗೆ ತಾಯಿಯ ಬಳಿಯಿರುತ್ತೀ, ಹೆದರಬೇಡ" ಎಂದೆವು.

ಆಕೆ ತಾಯಿಯ ಹಾಸಿಗೆಯ ಬಳಿ ನಿಂತದ್ದು ಮರುದಿನ ಮಧ್ಯಾಹ್ನ ಹನ್ನೆರಡು ಗಂಟೆಗೆ.

ಹಾಗಾದರೆ ನಮ್ಮ ಅಳತೆ ತಪ್ಪಾಗಿತ್ತೇ? ಇಲ್ಲ, ವಿಚಿತ್ರವಿರುವುದು ಅಲ್ಲಿಯೇ. ಅಳತೆಯನ್ನು ಮೊದಲು ಪರೀಕ್ಷಿಸೋಣ. ಕಾಗದ ಪೆನ್ಸಿಲುಗಳು ಹತ್ತಿರವಿದ್ದವರು ನಮ್ಮೊಡನೆ ಲೆಕ್ಕವನ್ನು ಮಾಡಿ ನೋಡಬಹುದು. ಮಂಗಳೂರಿನ ವಿಮಾನನಿಲ್ದಾಣವಿರುವುದು ಬಜಪೆಯ ಬಳಿಯ ಗುಡ್ಡದ ನೆತ್ತಿಯ ಮೇಲೆ. ೧೯೫೧ರ ಡಿಸೆಂಬರ್ ೨೫ರಂದು ಪ್ರಾರಂಭವಾದುದು. ಅದರ ಸ್ಥಾನ ಉತ್ತರ ಅಕ್ಷಾಂಶ ಸುಮಾರು ೧೩ ಡಿಗ್ರಿ, ಪೂರ್ವ ರೇಖಾಂಶ ೭೪.೯ ಡಿಗ್ರಿ. ದಿಬ್ರುಗಢದ ನಿಲ್ದಾಣ ಊರಿಗೆ ಹದಿನೈದು ಕಿಲೋಮೀಟರಿನಷ್ಟು ದೂರದ ಮೋಹನ್‌ಬಾರಿಯಲ್ಲಿದೆ, ಅಕ್ಷಾಂಶ ೨೭.೫, ರೇಖಾಂಶ ೯೫. ಅಂದರೆ ಒಂದರಿಂದ ಮತ್ತೊಂದಕ್ಕೆ ೧೪.೫ ಡಿಗ್ರಿ ಉತ್ತರಕ್ಕೂ ೨೦.೧ ಡಿಗ್ರಿ ಪೂರ್ವಕ್ಕೂ ಸರಿಯಬೇಕು. ಭೂಮಿಯ ಸುತ್ತಳತೆ ಹೆಚ್ಚುಕಡಿಮೆ ೪೦,೦೦೦ ಕಿಲೋಮೀಟರಾದುದರಿಂದ ಉತ್ತರದ ಒಂದು ಡಿಗ್ರಿಗೆ ೧೧೧ ಕಿಲೋಮೀಟರು. ಪೂರ್ವದ ಡಿಗ್ರಿಯಾದರೋ ಧ್ರುವದ ಕಡೆಗೆ ಹೋದಂತೆಲ್ಲಾ ಸಣ್ಣದಾಗುತ್ತದೆ. ಕಿತ್ತಳೆಯ ತೊಳೆ ತುದಿಯಲ್ಲಿ ಕಿರಿದಾಗುವಂತೆ. ನಮ್ಮ ಎರಡು ಊರುಗಳ ನಡುವಣ ಸರಾಸರಿ ಅಕ್ಷಾಂಶ ೨೦. ಅಲ್ಲಿ ಪೂರ್ವದ ಒಂದು ಡಿಗ್ರಿಗೆ ೧೦೪ ಕಿಲೋಮೀಟರು. ಆದುದರಿಂದ ಉತ್ತರಕ್ಕೆ ಸುಮಾರು ೧,೬೧೦, ಪೂರ್ವಕ್ಕೆ ಸುಮಾರು ೨,೦೯೦. ಇವೆರಡೂ ಲಂಬಕೋನ ತ್ರಿಭುಜದ ಎರಡು ಬಾಹುಗಳು. ಕರ್ಣವೆಷ್ಟು? ಎರಡರ ವರ್ಗಗಳನ್ನೂ ಕೂಡಿಸಿ ವರ್ಗಮೂಲವನ್ನು ತೆಗೆದರೆ ೨,೬೪೦ ಕಿಲೋಮೀಟರು ಬರುತ್ತದೆ. ಗೋಳದ ಶುದ್ಧ ಗಣಿತದಿಂದ ಮಾಡಿದರೂ ಉತ್ತರ ಇದೇ. ಹೈಸ್ಕೂಲಿನ ಪಾಠವು ಇಷ್ಟು ದೂರ ಉಪಯೋಗಕ್ಕೆ ಬರುವುದು ಅಪರೂಪ.

ಇಲ್ಲಿ ಮಹಾವೃತ್ತದ ಮಾತು ಬರಬೇಕು. ಗೋಳದ ಮೇಲಣ ಎರಡು ಬಿಂದುಗಳ ನಡುವೆ ಅತಿ ಕಿರಿದಾದ ದಾರಿ, ಗೋಳದ ಕೇಂದ್ರದ ಮೂಲಕ ಅದನ್ನು ಸೀಳಿದರೆ ಮೇಲ್ಮೈಯಲ್ಲಿ ಮೂಡುವ ಗೆರೆ. ದೆಹಲಿಯಿಂದ ಅಮೆರಿಕಕ್ಕೆ ಹೋಗುವ ವಿಮಾನ ಉತ್ತರಧ್ರುವದತ್ತ ಏಕೆ ಬಾಗುತ್ತದೆಂಬುದನ್ನು ತಿಳಿಸಲು ಎಲ್ಲರೂ ಇದನ್ನೇ ಉದಾಹರಿಸುತ್ತಾರೆ. ನಾವೂ ತರಗತಿಯಲ್ಲಿ ಬಹಳ ಆರ್ಭಟದಿಂದ ಹೇಳುತ್ತೇವೆ. ಆದರೆ ನಮ್ಮ ಈ ದಾರಿಯಲ್ಲಿ ದಿಕ್ಸೂಚಿಯ ಒಂದೇ ದಿಕ್ಕನ್ನು ಕೊನೆಯವರೆಗೂ ಹಿಡಿದು ಹೋದರೆ ಆಗುವ ನಷ್ಟ ಎಷ್ಟು ಗೊತ್ತೇ? ಎರಡು ಕಿಲೋಮೀಟರಿಗೂ ಕಡಮೆ! ಭೂಮಧ್ಯರೇಖೆಗೆ ಸಮೀಪವಾಗಿರುವವರಿಗೆ ಈ ವಕ್ರತೆಯ ಭಯ ಕಡಮೆ. ಮಂಗಳೂರನ್ನು ಬಿಡುವಾಗ ಉತ್ತರದಿಂದ ೪೯ ಡಿಗ್ರಿ ಪೂರ್ವಕ್ಕೆ ಮೂತಿಯಿಟ್ಟ ವಿಮಾನ ದಿಬ್ರುಗಢವನ್ನು ಸೇರುವಾಗ ೫೬ ಡಿಗ್ರಿಗೆ ತಿರುಗಿರಬೇಕು, ಅಷ್ಟೇ ವಿಶೇಷ.

ಆ ಗೆರೆಯನ್ನು ನೆಲದ ಮೇಲೆ ಎಳೆದು ನೋಡುವುದು ಮಾತ್ರ ಬಹಳ ಸೊಗಸಾದ ಕೆಲಸ. ಬಜಪೆಯಿಂದ ಹೊರಟ ಗೆರೆ ಪಶ್ಚಿಮಘಟ್ಟವನ್ನು ದಾಟಿ, ನರಸಿಂಹರಾಜಪುರದ ಕಾಡುಗಳ ಮೇಲೆ ಹಾದು, ಚಿತ್ರದುರ್ಗದ ಬಂಡೆಗಳ ಸಮೀಪದಲ್ಲಿ ಬಯಲಿಗಿಳಿದು, ರಾಯದುರ್ಗದ ಹತ್ತಿರ ಕನ್ನಡನಾಡನ್ನು ಬಿಡುತ್ತದೆ. ಕರ್ನೂಲಿನ ಪೂರ್ವಕ್ಕೆ ಸರಿದು, ಕೃಷ್ಣೆಯನ್ನೂ ಗೋದಾವರಿಯನ್ನೂ ಒಂದಾದ ಮೇಲೊಂದರಂತೆ ದಾಟಿ, ಬಸ್ತರಿನ ಅರಣ್ಯವನ್ನು ಹೊಕ್ಕು, ಒಡಿಶಾದ ಫೂಲ್‌ಬನಿಯ ಬಳಿ, ಕಂಧಮಾಲ್ ಬೆಟ್ಟಗಳ ನಡುವೆ, ಸರಿಯಾಗಿ ತನ್ನ ಅರ್ಧಕ್ಕೆ ಬರುತ್ತದೆ. ಅಲ್ಲಿಂದ ಮಯೂರ್‌ಭಂಜ್, ಕೋಲ್ಕತಾದ ಉತ್ತರದ ಗದ್ದೆಗಳು, ಬಾಂಗ್ಲಾದೇಶದ ಮೈಮನ್‌ಸಿಂಗ್; ಆಮೇಲೆ ಮಳೆಗೆ ಹೆಸರಾದ ಚಿರಾಪುಂಜಿಯ ಬೆಟ್ಟದಂಚು; ಕಡೆಗೆ ಬ್ರಹ್ಮಪುತ್ರೆಯ ಕಣಿವೆ. ಕರಾವಳಿಯ ಮಳೆಯಿಂದ ಹೊರಟು, ಬರದ ಬಯಲನ್ನು ದಾಟಿ, ಮತ್ತೆ ಮಳೆಯಲ್ಲಿಳಿಯುವ ದಾರಿ. ಒಂದು ಸಣ್ಣ ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆವು: ಸಮುದ್ರದಂಚಿನ ನಮ್ಮ ಬಜಪೆಯ ಗುಡ್ಡವೂ, ಸಮುದ್ರದಿಂದ ಅಷ್ಟು ಒಳಗಿರುವ ಮೋಹನ್‌ಬಾರಿಯೂ ಸಮುದ್ರಮಟ್ಟಕ್ಕಿಂತ ನೂರು ಮೀಟರಿನ ಆಸುಪಾಸಿನಲ್ಲಿಯೇ ಇವೆ. ಹಿಮಾಲಯದ ಮಗ್ಗುಲಲ್ಲಿ ಹರಿಯುವ ಬ್ರಹ್ಮಪುತ್ರೆ ಅಷ್ಟು ತಗ್ಗಿನಲ್ಲಿ ಹರಿಯುತ್ತದೆ.

ರೈಲಿನಲ್ಲಿ ಹೋಗುವವರಿಗೆ ಈ ಗೆರೆ ಕನಸು ಮಾತ್ರ. ೨೦೧೧ರಿಂದ ದಿಬ್ರುಗಢಕ್ಕೂ ಕನ್ಯಾಕುಮಾರಿಗೂ ನಡುವೆ ವಿವೇಕ ಎಕ್ಸ್‌ಪ್ರೆಸ್ ಓಡುತ್ತಿದೆ. ಆಕಾಶದಲ್ಲಿ ಸುಮಾರು ೨,೮೩೦ ಕಿಲೋಮೀಟರಿರುವ ಆ ಎರಡು ಊರುಗಳಿಗೆ ಕಂಬಿಯ ಮೇಲೆ ೪,೧೦೦ ಕಿಲೋಮೀಟರಿಗೂ ಮೀರಿದ ದಾರಿ. ಮೂರು ದಿನಗಳಿಗೂ ಮಿಕ್ಕ ಪ್ರಯಾಣ.

ಇನ್ನು ಹೊತ್ತಿನ ವಿಚಾರ. ಈಗ ಇಂತಹ ದೂರಗಳಲ್ಲಿ ಸಾಮಾನ್ಯವಾಗಿ ಹಾರುವ ಏರ್‌ಬಸ್ ೩೨೦ರ ಜಾತಿಯ ವಿಮಾನ, ಗಾಳಿಯೇ ಇಲ್ಲದ ಎತ್ತರದಲ್ಲಿ, ಗಂಟೆಗೆ ಸುಮಾರು ೮೩೦ ಕಿಲೋಮೀಟರು ಹೋಗುತ್ತದೆ. ೨,೬೪೦ನ್ನು ೮೩೦ರಿಂದ ಭಾಗಿಸಿದರೆ ಮೂರು ಗಂಟೆ ಹನ್ನೊಂದು ನಿಮಿಷ. ಆದರೆ ವಿಮಾನವು ಬಿಲ್ಲಿನಿಂದ ಬಿಟ್ಟ ಬಾಣವಲ್ಲ. ಏರುವಾಗ ಇಪ್ಪತ್ತು ಇಪ್ಪತ್ತೈದು ನಿಮಿಷ, ಇಳಿಯುವಾಗ ಅಷ್ಟೇ ಹೊತ್ತು ಅದರ ವೇಗ ಕಡಮೆ. ಆಕಾಶದಲ್ಲಿಯೂ ಗೊತ್ತಾದ ಬೀದಿಗಳೂ ತಿರುವುಗಳೂ ಉಂಟು. ಆದುದರಿಂದ ದಾರಿ ನೂರಕ್ಕೆ ಮೂರು ನಾಲ್ಕರಷ್ಟು ಉದ್ದವಾಗುತ್ತದೆ. ನೆಲದ ಮೇಲೆ ರನ್‌ವೇವರೆಗೆ ತೆವಳುವ ಹೊತ್ತು ಬೇರೆ. ವೇಳಾಪಟ್ಟಿಯಲ್ಲಿ ಅಚ್ಚಾಗುವ ಕಾಲ ನಿಂತ ಜಾಗದಿಂದ ಕದಲಿದುದು ಮೊದಲು ಮತ್ತೆ ನಿಲ್ಲುವವರೆಗಿನದು. ಇವನ್ನೆಲ್ಲಾ ಕೂಡಿಸಿದರೆ ಮೂರೂಮುಕ್ಕಾಲು ಗಂಟೆಯೆನ್ನಬಹುದು. ನಮ್ಮ ಮೂರೂವರೆ ಗಂಟೆಗೂ ಇದಕ್ಕೂ ಅಂತರ ದೊಡ್ಡದಲ್ಲ.

ಕೆಲವು ವಿದ್ಯಾರ್ಥಿಗಳು ಈ ಸಂದರ್ಭದಲ್ಲಿ ಒಂದು ಸಂದೇಹವನ್ನು ತಪ್ಪದೆ ಎತ್ತುತ್ತಾರೆ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತಿರುವುದರಿಂದ, ಪೂರ್ವಕ್ಕೆ ಹಾರುವ ವಿಮಾನದಿಂದ ಊರು ಓಡಿಹೋಗುವುದಿಲ್ಲವೇ, ಪಶ್ಚಿಮಕ್ಕೆ ಹಾರಿದರೆ ಊರು ತಾನೇ ಎದುರಿಗೆ ಬಾರದೇ ಎಂದು. ಬಾರದು. ಭೂಮಿಯೊಡನೆ ಅದರ ಗಾಳಿಯೂ ತಿರುಗುತ್ತದೆ, ಗಾಳಿಯೊಳಗಿನ ವಿಮಾನವೂ ತಿರುಗುತ್ತದೆ. ಓಡುವ ರೈಲಿನಲ್ಲಿ ಮೇಲಕ್ಕೆಸೆದ ನಾಣ್ಯ ಮತ್ತೆ ಕೈಗೇ ಬೀಳುವುದನ್ನು ನೋಡಿದವರು ಇದನ್ನು ನಂಬಲು ಅಡ್ಡಿಯಿಲ್ಲ. ವಿಮಾನಕ್ಕೆ ಲೆಕ್ಕವಿರುವುದು ಭೂಮಿಗೆ ಹೋಲಿಸಿದರೆ ಗಾಳಿ ಎತ್ತ, ಎಷ್ಟು ಚಲಿಸುತ್ತಿದೆ ಎಂಬುದು ಮಾತ್ರ.

ಆ ಗಾಳಿಯ ಕಥೆ ನಮ್ಮ ದೇಶದಲ್ಲಿ ಬೇರೆಲ್ಲೂ ಇಲ್ಲದಷ್ಟು ರಸವತ್ತಾದುದು. ಚಳಿಗಾಲದಲ್ಲಿ ಉತ್ತರ ಹಿಂದೂಸ್ತಾನದ ಮೇಲೆ, ಹಿಮಾಲಯದ ದಕ್ಷಿಣದಲ್ಲಿ, ಹನ್ನೆರಡು ಕಿಲೋಮೀಟರಿನಷ್ಟು ಎತ್ತರದಲ್ಲಿ ಒಂದು ವಾಯುನದಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತದೆ. ಇದನ್ನು ಜೆಟ್ ಪ್ರವಾಹವೆನ್ನುತ್ತಾರೆ. ಇದರ ನಡುವಿನ ವೇಗ ಗಂಟೆಗೆ ನೂರೈವತ್ತು ಕಿಲೋಮೀಟರನ್ನು ಮೀರುವುದು ಸಾಮಾನ್ಯ. ಮೋಹನ್‌ಬಾರಿಯ ಮೈದಾನ ಈ ಗಾಳಿಯನ್ನು ಬಹಳ ಹಿಂದೆಯೇ ಕಂಡಿದೆ. ೧೯೪೨ರಲ್ಲಿ ಜಪಾನೀಯರು ಬರ್ಮಾ ರಸ್ತೆಯನ್ನು ಕಡಿದ ಮೇಲೆ, ಚೀನಾಕ್ಕೆ ಸರಕು ಸಾಗಿಸಲು ಮಿತ್ರರಾಷ್ಟ್ರಗಳವರು ಚಬುವಾ, ದಿಂಜಾನ್, ಮೋಹನ್‌ಬಾರಿ ಮುಂತಾದ ನೆಲೆಗಳಿಂದ ಬೆಟ್ಟಗಳ ಗೂನುಬೆನ್ನಿನ ಮೇಲೆ ಹಾರಿ ಕುನ್‌ಮಿಂಗಿಗೆ ಹೋಗುತ್ತಿದ್ದರು. ದಾರಿ ಸುಮಾರು ೮೦೦ ಕಿಲೋಮೀಟರು. ೧೯೪೫ರವರೆಗೆ ಅವರು ಸಾಗಿಸಿದ ಸರಕು ಆರು ಲಕ್ಷ ಟನ್ನಿಗೂ ಹೆಚ್ಚು. ಕಳೆದುಕೊಂಡ ವಿಮಾನಗಳು ಆರುನೂರರ ಸಮೀಪ. ಹೋಗುವಾಗ ಬೆನ್ನಿಗೆ ಬಂದು ನೂಕಿದ ಗಾಳಿಯೇ ಹಿಂದಿರುಗುವಾಗ ಎದೆಗೆ ಬಂದು ತಡೆಯುತ್ತಿತ್ತು. ಆ ಕಾಲದ ನಿಧಾನವಾದ ಸರಕುವಿಮಾನಗಳಿಗೆ ಅದು ಪ್ರಾಣಸಂಕಟವೇ ಆಗಿತ್ತು.

ಬೆನ್ನಿಗೆ ಬಂದ ಗಾಳಿಯ ಲಾಭ, ಎದುರಿಗೆ ಬಂದ ಗಾಳಿಯ ನಷ್ಟ, ಎರಡೂ ಸಮವಾಗಿ ಹೋಗಿಬರುವ ಲೆಕ್ಕದಲ್ಲಿ ಸರಿಹೋಗುತ್ತದೆಂದು ಅನೇಕರ ಭಾವನೆ. ನಮಗೂ ಇತ್ತು. ಲೆಕ್ಕ ಹಾಕಿದರೆ ಹಾಗಿಲ್ಲ. ದಾರಿಯುದ್ದಕ್ಕೂ ಗಂಟೆಗೆ ೬೦ ಕಿಲೋಮೀಟರಿನ ಗಾಳಿ ಮಂಗಳೂರಿನಿಂದ ದಿಬ್ರುಗಢದ ಕಡೆಗೆ ಬೀಸುತ್ತಿದೆಯೆಂದಿಟ್ಟುಕೊಳ್ಳೋಣ. ಹೋಗುವಾಗ ವೇಗ ೮೯೦, ಕಾಲ ೧೭೮ ನಿಮಿಷ. ಬರುವಾಗ ವೇಗ ೭೭೦, ಕಾಲ ೨೦೬ ನಿಮಿಷ. ಒಟ್ಟು ೩೮೪. ಗಾಳಿಯೇ ಇಲ್ಲದಿದ್ದರೆ ಒಟ್ಟು ೩೮೨. ಎರಡು ನಿಮಿಷ ನಷ್ಟ. ಗಾಳಿಯನ್ನು ಇಮ್ಮಡಿ ಮಾಡಿದರೆ ಒಟ್ಟು ೩೯೦ ನಿಮಿಷವಾಗುತ್ತದೆ. ನಷ್ಟ ಎರಡರಿಂದ ನಾಲ್ಕಕ್ಕಲ್ಲ, ಎಂಟಕ್ಕೆ ಏರುತ್ತದೆ. ಕಾರಣವಿಷ್ಟೇ: ಅನುಕೂಲದ ಗಾಳಿಯಲ್ಲಿ ನಾವು ಸ್ವಲ್ಪ ಹೊತ್ತು ಮಾತ್ರ ಇರುತ್ತೇವೆ, ಪ್ರತಿಕೂಲದ ಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತೇವೆ.

ಮಳೆಗಾಲದಲ್ಲಿ ಇದೆಲ್ಲವೂ ತಲೆಕೆಳಗಾಗುತ್ತದೆ. ಬೇಸಗೆಯಲ್ಲಿ ಟಿಬೆಟ್ಟಿನ ಎತ್ತರದ ನೆಲ ಕಾದು ಅದರ ಮೇಲಣ ಗಾಳಿ ಭೂಮಧ್ಯರೇಖೆಯ ಮೇಲಣ ಗಾಳಿಗಿಂತ ಬೆಚ್ಚಗಾಗುತ್ತದೆ. ಆಗ ಉತ್ತರದ ಪಶ್ಚಿಮವಾಯು ಹಿಮಾಲಯದ ಆಚೆಗೆ ಸರಿದು, ದಕ್ಷಿಣ ಹಿಂದೂಸ್ತಾನದ ಮೇಲೆ ಪೂರ್ವದಿಂದ ಪಶ್ಚಿಮಕ್ಕೆ ಹರಿಯುವ ಮತ್ತೊಂದು ವಾಯುನದಿ ಹುಟ್ಟುತ್ತದೆ. ಇದರ ನಡುದಾರಿ ಹದಿನಾಲ್ಕು ಹದಿನಾರು ಕಿಲೋಮೀಟರಿನ ಎತ್ತರದಲ್ಲಿ, ಹೆಚ್ಚುಕಡಿಮೆ ಚೆನ್ನೈ ಮಂಗಳೂರುಗಳ ಅಕ್ಷಾಂಶದ ಆಸುಪಾಸಿನಲ್ಲಿದೆ. ನಮ್ಮ ದೇಶದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ ಅವರು ೧೯೫೮ರಲ್ಲಿ ಇದನ್ನು ಕುರಿತು ಪ್ರಕಟಿಸಿದ ಲೇಖನ ಪ್ರಸಿದ್ಧವಾದುದು. ಜುಲೈ ತಿಂಗಳಿನಲ್ಲಿ ನಮ್ಮ ಮನೆಯ ಅಂಗಳದಲ್ಲಿ ನಿಂತು ನೋಡಿದರೆ ಕಡಲಿನಿಂದ ಬಂದ ಮೋಡಗಳು ನೈಋತ್ಯದಿಂದ ಈಶಾನ್ಯಕ್ಕೆ ಓಡುತ್ತಿರುತ್ತವೆ. ಅದೇ ದಿಕ್ಕಿಗೆ ಹೊರಟ ವಿಮಾನ ಮೋಡಗಳನ್ನು ಒಡೆದು ಮೇಲೇರಿದೊಡನೆಯೇ ಎದುರಾಗಿ ಪೂರ್ವದ ಗಾಳಿ ಸಿಕ್ಕುತ್ತದೆ. ಕೆಳಗೊಂದು ಗಾಳಿ, ಮೇಲೊಂದು ಗಾಳಿ, ಒಂದಕ್ಕೊಂದು ವಿರುದ್ಧ! ಕಿಟಕಿಯ ಬಳಿ ಕುಳಿತ ಪ್ರಯಾಣಿಕನಿಗೆ ಇದೊಂದೂ ತಿಳಿಯದು. ಆದರೆ ವಿಮಾನಗಳು ಆ ವಾಯುನದಿಯ ತಳದಲ್ಲಿ ಮಾತ್ರ ಹಾರುವುದರಿಂದಲೂ, ಉತ್ತರಕ್ಕೆ ಹೋದಂತೆ ಅದು ಸೊರಗುವುದರಿಂದಲೂ, ನಮ್ಮ ದಾರಿಯಲ್ಲಿ ಇದರಿಂದಾಗುವ ತಡ ಹತ್ತು ನಿಮಿಷದೊಳಗಿನದು.

ಹತ್ತು ನಿಮಿಷ, ಎರಡು ನಿಮಿಷ, ಎರಡು ಕಿಲೋಮೀಟರು! ಆ ಹುಡುಗಿ ಕಳೆದುದು ಇಪ್ಪತ್ತಾರು ಗಂಟೆ. ಉಳಿದ ಇಪ್ಪತ್ತೆರಡು ಗಂಟೆ ಎಲ್ಲಿ ಹೋಯಿತು?

ಉತ್ತರ ಭೂಗೋಳದಲ್ಲಿಲ್ಲ. ನಾವು ಗೋಡೆಯ ಮೇಲೆ ಅಳೆದ ಗೆರೆಯಲ್ಲಿ ಹೋಗಲು ಆಕೆಗೆ ವಿಮಾನವೇ ಇರಲಿಲ್ಲ. ಇಂತಹ ಎರಡು ಪ್ರಾಂತದ ಊರುಗಳ ನಡುವೆ ಹೋಗುವವರು ಬೆಂಗಳೂರು, ಮುಂಬಯಿ, ದೆಹಲಿ, ಕೋಲ್ಕತಾ ಮುಂತಾದ ದೊಡ್ಡ ನಿಲ್ದಾಣಗಳಲ್ಲಿಳಿದು ವಿಮಾನ ಬದಲಿಸಿಯೇ ಹೋಗುವುದು ವಾಡಿಕೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ವಿಮಾನದಲ್ಲಿ ನೂರೆಂಬತ್ತು ಆಸನಗಳಿದ್ದರೆ ಅವು ಬಹುಮಟ್ಟಿಗೆ ತುಂಬಬೇಕು. ಮಂಗಳೂರಿನಲ್ಲಿ ದಿಬ್ರುಗಢಕ್ಕೆಂದೇ ಹೊರಡುವವರು ದಿನಕ್ಕೆ ಎಷ್ಟು ಮಂದಿ ಸಿಕ್ಕಾರು? ಇನ್ನೊಂದು ಲೆಕ್ಕವೂ ಇದೆ. ನೂರು ಊರುಗಳನ್ನು ಪರಸ್ಪರ ನೇರವಾಗಿ ಕೂಡಿಸಬೇಕಾದರೆ ೪,೯೫೦ ದಾರಿಗಳು ಬೇಕು. ನಡುವೆ ಒಂದೂರನ್ನು ಗುಂಬವಾಗಿಟ್ಟುಕೊಂಡು ಬಂಡಿಯ ಚಕ್ರದ ಅರೆಗಳಂತೆ ಕೂಡಿಸಿದರೆ ೯೯ ಸಾಕು. ಈ ೯೯ರ ಮಿತವ್ಯಯವೇ ಪ್ರಾಂತದ ಪ್ರಯಾಣಿಕನ ಕಾಯುವಿಕೆ. ಸಣ್ಣ ಊರುಗಳ ವಿಮಾನಕ್ಕೆ ನೆರವೀಯುವ ಉಡಾನ್ ಯೋಜನೆ ೨೦೧೬ರಲ್ಲಿ ರೂಪುಗೊಂಡು, ೨೦೧೭ರ ಏಪ್ರಿಲ್ ೨೭ರಂದು ಶಿಮ್ಲಾ ದೆಹಲಿಗಳ ನಡುವೆ ಅದರ ಮೊದಲ ವಿಮಾನ ಹಾರಿತು. ಅದು ಬಹಳ ಒಳ್ಳೆಯ ಕೆಲಸವೆಂಬುದೇ ನಮ್ಮ ಅಭಿಪ್ರಾಯ. ಆದರೆ ಅದು ಮೊದಲಲ್ಲಿ ಕಣ್ಣಿಟ್ಟದ್ದು ೨೦೦ರಿಂದ ೮೦೦ ಕಿಲೋಮೀಟರಿನೊಳಗಣ ದಾರಿಗಳ ಮೇಲೆ. ದೇಶದ ಒಂದು ಮೂಲೆಯಿಂದ ಮತ್ತೊಂದು ಮೂಲೆಗೆ ಹೋಗುವವನು ಆ ಲೆಕ್ಕಕ್ಕೆ ಹೊರಗಾದವನು.

ಹಾಗಾದರೆ ಯಾವ ಊರಿನ ಮೇಲೆ ಹೋಗಬೇಕು? ಇಲ್ಲಿ ನಮ್ಮ ಅಳತೆಪಟ್ಟಿ ಎರಡನೆಯ ಸಲ ಮೋಸ ಮಾಡಿತು. ಬೆಂಗಳೂರು ಕೋಲ್ಕತಾಗಳ ಮೇಲೆ ಹೋದರೆ ೩೦೬, ೧,೫೪೭, ೮೫೨, ಒಟ್ಟು ೨,೭೦೫ ಕಿಲೋಮೀಟರು; ನೇರವಾದ ಗೆರೆಗಿಂತ ೬೫ ಮಾತ್ರ ಹೆಚ್ಚು. ದೆಹಲಿಯ ಮೇಲೆ ಹೋದರೆ ಮಂಗಳೂರಿನಿಂದ ದೆಹಲಿಗೆ ೧,೭೪೯, ಅಲ್ಲಿಂದ ದಿಬ್ರುಗಢಕ್ಕೆ ೧,೭೬೧, ಒಟ್ಟು ೩,೫೧೦. ಮೂರರಲ್ಲೊಂದು ಪಾಲು ಹೆಚ್ಚು. ಯಾರನ್ನು ಕೇಳಿದರೂ ಮೊದಲನೆಯದನ್ನೇ ಆರಿಸುವರು. ನಾವೂ ಆಕೆಗೆ ಅದನ್ನೇ ಹೇಳಿದೆವು. ಈಗ ಹೊತ್ತನ್ನು ನೋಡಿ. ಮೊದಲನೆಯ ದಾರಿಯಲ್ಲಿ ಹಾರಾಟ ಒಂದು ಗಂಟೆ, ಎರಡು ಗಂಟೆ ನಲವತ್ತು ನಿಮಿಷ, ಒಂದೂವರೆ ಗಂಟೆ; ಎಲ್ಲಾ ಸೇರಿ ಐದು ಗಂಟೆಗಿಂತ ಸ್ವಲ್ಪ ಹೆಚ್ಚು. ದೆಹಲಿಯ ದಾರಿಯಲ್ಲಿ ಎರಡೂಮುಕ್ಕಾಲು ಗಂಟೆಯ ಎರಡು ಹಾರಾಟ, ಒಟ್ಟು ಐದೂವರೆ. ಎಂಟುನೂರು ಕಿಲೋಮೀಟರು ಹೆಚ್ಚಾದರೂ ಹಾರುವ ಹೊತ್ತಿನಲ್ಲಿ ವ್ಯತ್ಯಾಸ ಅರ್ಧ ಗಂಟೆಯೊಳಗೆ! ಏಕೆಂದರೆ ಮಂಗಳೂರು ಬೆಂಗಳೂರುಗಳಂತಹ ಸಮೀಪದ ದಾರಿಯಲ್ಲಿ ವಿಮಾನ ಏರಿ ಮುಗಿಯುವುದರೊಳಗಾಗಿ ಇಳಿಯಲು ತೊಡಗುತ್ತದೆ. ಅದರ ಪೂರ್ಣ ವೇಗದ ಸುಖ ಸಿಕ್ಕುವುದೇ ಇಲ್ಲ. ಅದರ ಮೇಲೆ ಮೊದಲನೆಯದರಲ್ಲಿ ಎರಡು ಕಡೆ ಕಾಯಬೇಕು, ಎರಡನೆಯದರಲ್ಲಿ ಒಂದೇ ಕಡೆ. ಪ್ರತಿಯೊಂದು ಕಡೆಯೂ ಎರಡು ಗಂಟೆಯಾದರೂ ಹೋಗುತ್ತದೆ. ಒಂದು ವಿಮಾನ ತಪ್ಪಿತೆಂದರೆ ಮುಂದಿನದೂ ತಪ್ಪುತ್ತದೆ. ಆದುದರಿಂದ ಆಕಾಶದಲ್ಲಿ ದೂರವನ್ನು ಅಳೆಯಬೇಕಾದುದು ಕಿಲೋಮೀಟರಿನಿಂದಲ್ಲ, ಎಷ್ಟು ಸಲ ನೆಲಕ್ಕಿಳಿಯಬೇಕು ಎಂಬುದರಿಂದ. ಈ ಮಾತನ್ನು ಆ ದಿನ ಬೆಳಗ್ಗೆ ಯಾರಾದರೂ ನಮಗೆ ಹೇಳಿದ್ದರೆ ಆಕೆಗೆ ಅರ್ಧ ದಿನವಾದರೂ ಉಳಿಯುತ್ತಿತ್ತು.

ಏಕೆಂದರೆ ನಡೆದುದು ಹೀಗೆ. ಮಧ್ಯಾಹ್ನದ ವಿಮಾನದಲ್ಲಿ ಸ್ಥಳವಿರಲಿಲ್ಲ. ಸಂಜೆಯ ವಿಮಾನ ಮಳೆಯಿಂದಾಗಿ ಎರಡು ಗಂಟೆ ತಡವಾಯಿತು; ಮಳೆಗಾಲದಲ್ಲಿ ಬಜಪೆಯ ಗುಡ್ಡದ ಮೇಲೆ ಮೋಡವೇ ಬಂದು ಕುಳಿತುಬಿಡುವುದುಂಟು, ಇಳಿಯಬೇಕಾದ ವಿಮಾನಗಳು ಬೇರೆ ಊರಿಗೆ ತಿರುಗಿಹೋಗುವುದೂ ಉಂಟು. ಬೆಂಗಳೂರು ಸೇರುವುದರೊಳಗೆ ಕೋಲ್ಕತಾದ ವಿಮಾನ ಹೋಗಿತ್ತು. ರಾತ್ರಿಯೆಲ್ಲಾ ನಿಲ್ದಾಣದ ಕುರ್ಚಿಯಲ್ಲಿ ಕಳೆದು, ಬೆಳಗಿನ ಜಾವ ಐದು ಗಂಟೆಗೆ ಹೊರಟು, ಕೋಲ್ಕತಾದಲ್ಲಿ ಇಳಿದು ಹತ್ತಿ, ದಿಬ್ರುಗಢದ ನೆಲವನ್ನು ಮುಟ್ಟಿದಾಗ ಹತ್ತೂಮುಕ್ಕಾಲು. ೨,೬೪೦ ಕಿಲೋಮೀಟರನ್ನು ೨೬ ಗಂಟೆಗಳಿಂದ ಭಾಗಿಸಿದರೆ ಗಂಟೆಗೆ ನೂರು ಕಿಲೋಮೀಟರು. ಒಳ್ಳೆಯ ರಸ್ತೆಯಲ್ಲಿ ಒಳ್ಳೆಯ ಮೋಟಾರಿನ ವೇಗ. ಅವಳ ತಾಯಿಗೆ ಹಿಂದಿನ ದಿನ ಸಂಜೆ ಮಗಳು ಬರುತ್ತಾಳೆಂದು ಮನೆಯವರು ಹೇಳಿಬಿಟ್ಟಿದ್ದರಂತೆ. ನಮ್ಮ ಮಾತನ್ನು ನಂಬಿಯೇ ಹೇಳಿದ್ದರು. ಆ ತಾಯಿ ರಾತ್ರಿಯೆಲ್ಲಾ ಬಾಗಿಲನ್ನು ನೋಡುತ್ತಿದ್ದರಂತೆ. ಆಕೆ ಉಳಿದರು, ಅದು ದೇವರ ದಯೆ, ವೈದ್ಯರ ಶ್ರಮ. ಇಲ್ಲದಿದ್ದರೆ ನಾವು ಈ ಉಪನ್ಯಾಸವನ್ನು ಮಾಡುವ ಧೈರ್ಯವನ್ನು ತಾಳುತ್ತಿರಲಿಲ್ಲ.

ಗಡಿಯಾರದ ಒಂದು ವಿಚಾರವನ್ನು ಹೇಳುವುದು ಉಳಿದಿದೆ. ಮಂಗಳೂರಿಗೂ ದಿಬ್ರುಗಢಕ್ಕೂ ಗಡಿಯಾರ ಒಂದೇ. ಸೂರ್ಯ ಮಾತ್ರ ಒಬ್ಬನಲ್ಲವೆನ್ನಬೇಕು. ರೇಖಾಂಶದ ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ೨೦ ಡಿಗ್ರಿಗೆ ೮೦ ನಿಮಿಷ ಅಲ್ಲಿ ಮೊದಲು ಮಧ್ಯಾಹ್ನವಾಗುತ್ತದೆ. ಋತುಭೇದವೂ ಸೇರಿ, ಜೂನ್ ತಿಂಗಳಿನಲ್ಲಿ ಅಲ್ಲಿ ನಾಲ್ಕೂಕಾಲರ ಹೊತ್ತಿಗೆ ಸೂರ್ಯೋದಯ, ಇಲ್ಲಿ ಆರರ ಮೇಲೆ. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕೂಕಾಲು ಕಳೆಯುತ್ತಲೇ ಸೂರ್ಯ ಮುಳುಗುತ್ತಾನೆ. ಇಲ್ಲಿ ಆಗ ಕಡಲತೀರಕ್ಕೆ ಗಾಳಿಸೇವನೆಗೆ ಹೋಗುವವರು ಇನ್ನೂ ಮನೆಯನ್ನೇ ಬಿಟ್ಟಿರುವುದಿಲ್ಲ. ಅಸ್ಸಾಮಿನ ಚಹದ ತೋಟಗಳವರು ಇದಕ್ಕೆ ಒಂದು ಉಪಾಯವನ್ನು ಮಾಡಿಕೊಂಡಿದ್ದಾರೆ. ಬ್ರಿಟಿಷರ ಕಾಲದಿಂದಲೂ ಅವರದು 'ಬಾಗಾನ್ ಸಮಯ', ಎಂದರೆ ತೋಟದ ಸಮಯ; ದೇಶದ ಗಡಿಯಾರಕ್ಕಿಂತ ಒಂದು ಗಂಟೆ ಮುಂದೆ. ಇದು ಗೊತ್ತಿಲ್ಲ್ಲದವನು ತೋಟದವರ ಮಾತನ್ನು ನಂಬಿ ನಿಲ್ದಾಣಕ್ಕೆ ಹೊರಟರೆ ಒಂದು ಗಂಟೆ ಮುಂಚೆ ಬಂದು ಕುಳಿತಿರಬೇಕು. ತಪ್ಪಿಸಿಕೊಳ್ಳುವುದಕ್ಕಿಂತ ಅದೇ ಮೇಲು.

ಆ ವಿದ್ಯಾರ್ಥಿನಿ ಆಗಸ್ಟಿನಲ್ಲಿ ಹಿಂದಿರುಗಿದಳು. ನಾವು ಕ್ಷಮೆ ಕೇಳಿದೆವು, ಆಕೆ ನಕ್ಕಳು. ಡಿಸೆಂಬರಿನ ರಜೆಗೆ ಹೊರಡುವಾಗ ನಾವು ಅವಳ ಕೈಗೆ ಒಂದು ಸಣ್ಣ ನೋಟುಬುಕ್ಕನ್ನು ಕೊಟ್ಟು, ಚಕ್ರ ನೆಲವನ್ನು ಬಿಟ್ಟ ಹೊತ್ತನ್ನೂ ಮುಟ್ಟಿದ ಹೊತ್ತನ್ನೂ ಪ್ರತಿಯೊಂದು ಹಾರಾಟದಲ್ಲಿಯೂ ಬರೆದುಕೊಂಡು ಬಾ ಎಂದೆವು. ಜನವರಿಯಲ್ಲಿ ಅದನ್ನು ತಂದುಕೊಟ್ಟಳು. ಕೋಲ್ಕತಾದಿಂದ ದಿಬ್ರುಗಢಕ್ಕೆ ೬೪ ನಿಮಿಷ. ದಿಬ್ರುಗಢದಿಂದ ಕೋಲ್ಕತಾಗೆ ೮೩ ನಿಮಿಷ. ಹಿಮಾಲಯದ ಮಗ್ಗುಲಿನ ಆ ವಾಯುನದಿ ಹತ್ತೊಂಬತ್ತು ನಿಮಿಷಗಳ ರೂಪದಲ್ಲಿ ಹುಡುಗಿಯ ಕೈಬರಹದಲ್ಲಿ ಬಂದು ನಮ್ಮ ಮೇಜಿನ ಮೇಲೆ ಕುಳಿತಿತ್ತು. ಆ ಪುಟವನ್ನು ಈಗ ಗೋಡೆಯ ಭೂಪಟದ ಪಕ್ಕದಲ್ಲಿ ಅಂಟಿಸಿದ್ದೇವೆ. ಅದರ ಅಡಿಯಲ್ಲಿ ಆಕೆ, ನಾವು ಕೇಳದೆಯೇ, ಇನ್ನೊಂದು ಸಾಲನ್ನು ಬರೆದಿದ್ದಳು: ತೋಟದ ಮನೆಯ ಬಾಗಿಲಿನಿಂದ ಹಾಸ್ಟೆಲಿನ ಬಾಗಿಲಿಗೆ, ದೆಹಲಿಯ ಮೇಲೆ, ಹದಿಮೂರು ಗಂಟೆ, ತಾಯಿ ನಿಲ್ದಾಣದವರೆಗೆ ಬಂದಿದ್ದರು.